ಪನಾಮಾ ಕಾಲುವೆಗೆ ಮನೆಮಂದಿ ಎಲ್ಲಾ ಹೊರಟ್ರೆ: ಸಣ್ಣ ಬೋಟಾ, ಕ್ರೂಸಾ, ಅರ್ಧ ದಾರಿನಾ, ಪೂರ್ತಿನಾ?

ಮೊದಲೇ ಹೇಳ್ಬಿಡ್ತೀನಿ. ಮನೇಲಿ ಸಣ್ಣ ಮಕ್ಕಳಿದಾರೆ, ಊರಿಂದ ಅಪ್ಪ ಅಮ್ಮನೂ ಬಂದಿದಾರೆ, ಎಲ್ರೂ ಒಟ್ಟಿಗೆ ಪನಾಮಾ ಕಾಲುವೆ ನೋಡ್ಬೇಕು ಅಂತಿದ್ರೆ ನನ್ನ ಓಟು ಪನಾಮಾ ಸಿಟಿಯಿಂದ ಹೊರಡೋ ಸಣ್ಣ ಬೋಟಿನ ಅರ್ಧ ದಾರಿ ಟ್ರಿಪ್‌ಗೆ, ಅಲ್ಲಿ ಪಾರ್ಶಿಯಲ್ ಟ್ರಾನ್ಸಿಟ್ ಅಂತಾರೆ. ಇದು ಬಿಟ್ರೆ ಪೂರ್ತಿ ಕಾಲುವೆ ದಾಟಿಸೋ ಬೋಟ್ ಇದೆ, ಅಮೆರಿಕದಿಂದ ಹೊರಡೋ ದೊಡ್ಡ ಕ್ರೂಸ್ ಇದೆ, ಕಾಲುವೆ ಮಧ್ಯದ ಗಾಟೂನ್ ಸರೋವರದಲ್ಲಿ ಮೋಟಾರ್ ಬೋಟ್ ಸವಾರಿ ಇದೆ, ನೀರಿಗೆ ಇಳೀದೇನೇ ಗ್ಯಾಲರಿಯಲ್ಲಿ ನಿಂತು ನೋಡೋದೂ ಇದೆ. ದುಡ್ಡು, ದಿನ ಲೆಕ್ಕ ಹಾಕೋಕೆ ಮುಂಚೆ ಒಂದು ವಿಷ್ಯ ಯೋಚ್ನೆ ಮಾಡಿ, ಈ ಕಾಲುವೇನ ನೀವು ಎಷ್ಟು ಎತ್ತರದಿಂದ ನೋಡ್ತೀರಿ ಅಂತ. ನೀರಿನ ಮಟ್ಟದಲ್ಲಿ ಕೂತು ನೋಡೋದಕ್ಕೂ ಹತ್ತನೇ ಅಂತಸ್ತಿಂದ ಬಗ್ಗಿ ನೋಡೋದಕ್ಕೂ ಬಹಳ ವ್ಯತ್ಯಾಸ ಇದೆ, ನನ್ನ ಪ್ರಕಾರ ಆಯ್ಕೆ ಇದರ ಮೇಲೇ ಆಗ್ಬೇಕು.

ಯಾಕೆ ಅಂತ ಅರ್ಥ ಆಗ್ಬೇಕಂದ್ರೆ ಕಾಲುವೆ ಹೇಗೆ ಕೆಲ್ಸ ಮಾಡತ್ತೆ ಅಂತ ಸ್ವಲ್ಪ ಗೊತ್ತಿರ್ಬೇಕು. ತುಂಬಾ ಜನ ಇದನ್ನ ಸಮುದ್ರದಿಂದ ಸಮುದ್ರಕ್ಕೆ ಅಗೆದಿರೋ ಒಂದು ನೇರ ಚಾನೆಲ್ ಅಂದ್ಕೊಂಡಿರ್ತಾರೆ. ಸೂಯೆಜ್ ಹಾಗಿದೆ, 193 ಕಿಲೋಮೀಟರ್ ಮರಳುಗಾಡಲ್ಲಿ ಸಪಾಟಾಗಿ ಹೋಗತ್ತೆ, ಲಾಕ್ (ನೀರು ತುಂಬಿಸಿ ಹಡಗನ್ನ ಎತ್ತೋ, ನೀರು ಬಿಟ್ಟು ಇಳಿಸೋ ಬಾಗಿಲಿನ ತೊಟ್ಟಿ) ಒಂದೂ ಇಲ್ಲ. ಪನಾಮಾದಲ್ಲಿ ಹಡಗು ಬೆಟ್ಟ ಹತ್ತಿ ಇಳಿಯತ್ತೆ. ಚಾಗ್ರೆಸ್ ನದಿಗೆ ಗಾಟೂನ್ ಹತ್ರ ಅಣೆಕಟ್ಟು ಕಟ್ಟಿ ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಎತ್ತರದಲ್ಲಿ ಒಂದು ದೊಡ್ಡ ಸರೋವರ ಮಾಡಿದಾರೆ, ಹಡಗನ್ನ ಲಾಕ್‌ಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಎತ್ತಿ ಆ ಸರೋವರಕ್ಕೆ ಸೇರಿಸ್ತಾರೆ, ಆ ಕಡೆ ಅದೇ ಥರ ಮೆಟ್ಟಿಲಿಳಿಸಿ ಇನ್ನೊಂದು ಸಮುದ್ರಕ್ಕೆ ಬಿಡ್ತಾರೆ. ಪೆಸಿಫಿಕ್ ಕಡೆ ಮಿರಾಫ್ಲೋರೆಸ್‌ನಲ್ಲಿ ಎರಡು ಮೆಟ್ಟಿಲು, ಪೆದ್ರೋ ಮಿಗೆಲ್‌ನಲ್ಲಿ ಒಂದು, ಅಟ್ಲಾಂಟಿಕ್ ಕಡೆ ಗಾಟೂನ್‌ನಲ್ಲಿ ಮೂರೂ ಒಟ್ಟಿಗೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟ ಆಗಿದ್ದು ಅಂದ್ರೆ ಲಾಕ್ ತುಂಬಿಸೋಕೆ ಒಂದು ಪಂಪೂ ಇಲ್ಲ, ಮೇಲಿನ ನೀರು ತನ್ನ ಭಾರಕ್ಕೆ ತಾನೇ ಕೆಳಗೆ ಹರಿದು ಬಂದು ಸಾವಿರಾರು ಟನ್ ಹಡಗನ್ನ ಎತ್ತತ್ತೆ. 1914ರ ಆಗಸ್ಟ್ 15ಕ್ಕೆ ಶುರು ಆಗಿದ್ದು, ಇವತ್ತಿಗೂ ಅದೇ ಪದ್ಧತಿ.

ಈಗ ಪಾರ್ಶಿಯಲ್ ಟ್ರಾನ್ಸಿಟ್ ವಿಷ್ಯಕ್ಕೆ ಬರೋಣ. ಪನಾಮಾ ಸಿಟಿ ಅಂಚಲ್ಲಿ ಅಮಡೋರ್ ಕಾಸ್‌ವೇ ಅಂತ ಸಮುದ್ರದೊಳಗೆ ಚಾಚಿರೋ ರಸ್ತೆ ಇದೆ, ಕಾಲುವೆ ಅಗೆದಾಗ ಬಂದ ಕಲ್ಲು ತಂದು ಸುರಿದು ದ್ವೀಪಗಳನ್ನ ಸೇರಿಸಿ ಮಾಡಿದ್ದು. ಬೋಟ್‌ಗಳು ಆ ಕಡೆಯಿಂದ ಹೊರಡತ್ವೆ. 1962ರ ಬ್ರಿಡ್ಜ್ ಆಫ್ ದಿ ಅಮೆರಿಕಾಸ್ ಕೆಳಗೆ ಹಾದು ಮಿರಾಫ್ಲೋರೆಸ್, ಒಂದು ಪುಟ್ಟ ಕೆರೆ, ಪೆದ್ರೋ ಮಿಗೆಲ್, ಆಮೇಲೆ ಕುಲೆಬ್ರಾ ಕಣಿವೆ, ಕೊನೆಗೆ ಗಾಂಬೋವಾ ಅನ್ನೋ ಊರಲ್ಲಿ ಇಳಿಸಿ ಬಸ್ಸಲ್ಲಿ ವಾಪಸ್ ಕರ್ಕೊಂಡು ಬರ್ತಾರೆ. ಕೆಲವು ದಿನ ಇದೇ ಉಲ್ಟಾ, ಮೊದ್ಲು ಬಸ್ಸಲ್ಲಿ ಗಾಂಬೋವಾ, ಅಲ್ಲಿಂದ ಬೋಟಲ್ಲಿ ಸಮುದ್ರದ ಕಡೆಗೆ. ಹೆಚ್ಚುಕಮ್ಮಿ ಅರ್ಧ ದಿನ ಹಿಡಿಯತ್ತೆ, ಊಟ ಸಾಮಾನ್ಯವಾಗಿ ಟಿಕೆಟ್‌ನಲ್ಲೇ ಸೇರಿರತ್ತೆ.

ಲಾಕ್ ಒಳಗೆ ಹೋದಾಗ ಏನಾಗತ್ತೆ ಅಂದ್ರೆ, 305 ಮೀಟರ್ ಉದ್ದ 33.5 ಮೀಟರ್ ಅಗಲದ ಕಾಂಕ್ರೀಟ್ ತೊಟ್ಟಿ, ಅದರ ತಳದಲ್ಲಿ ನಿಮ್ಮ ಬೋಟು, ಸುತ್ತ ಪಾಚಿ ಹಿಡಿದು ಒದ್ದೆ ಒದ್ದೆಯಾಗಿರೋ ಗೋಡೆ, ತಲೆ ಎತ್ತಿದ್ರೆ ಆಕಾಶ ಒಂದು ಪಟ್ಟಿ ಥರ ಕಾಣತ್ತೆ, ಆಳದ ಬಾವಿಯೊಳಗೆ ದೋಣೀಲಿ ಕೂತ ಹಾಗೆ. ಹಿಂದೆ ಆ ದೊಡ್ಡ ಉಕ್ಕಿನ ಬಾಗಿಲು ಮುಚ್ಚಿಕೊಳ್ಳತ್ತೆ (ಒಂದೊಂದು ಎಲೆ 700 ಟನ್ ತನಕ ತೂಗತ್ತೆ, ಆದ್ರೂ ಸದ್ದೇ ಇಲ್ದೆ ತಿರುಗತ್ತೆ), ತಳದಿಂದ ನೀರು ಉಕ್ಕೋಕೆ ಶುರು ಆಗತ್ತೆ, ನೋಡ್ತಾ ನೋಡ್ತಾ ಗೋಡೆ ಮೇಲಿನ ಒದ್ದೆ ಗೆರೆ ಒಂದೊಂದೇ ಮುಳುಗಿ ಎಂಟು ಹತ್ತು ನಿಮಿಷದಲ್ಲಿ ನೀವು ಮೇಲೆ ಬಿಸಿಲಿಗೆ ಬಂದಿರ್ತೀರಿ, ಹುಲ್ಲುಹಾಸು, ರೈಲು ಹಳಿ, ಕೈ ಬೀಸೋ ಕೆಲ್ಸದವ್ರು ಎಲ್ಲಾ ಕಣ್ಣ ಮಟ್ಟಕ್ಕೆ. ಮಕ್ಕಳಿಗೆ ಇದನ್ನ ಯಾರೂ ವಿವರಿಸಬೇಕಾಗಿಲ್ಲ, ಗೋಡೆ ಮೇಲೆ ಒಂದು ಗುರುತು ನೋಡ್ಕೋ ಅಂತ ಹೇಳಿ ಸಾಕು. ಕ್ರೂಸ್ ಡೆಕ್ಕಿಂದ ಇದು ಇಷ್ಟು ಹತ್ರದಿಂದ ಸಿಗಲ್ಲ, ಅದಕ್ಕೇ ನಾನು ಸಣ್ಣ ಬೋಟ್ ಪರ.

ಮೇಲೆ ಹತ್ತೋ ದಿನಕ್ಕೂ ಕೆಳಗಿಳಿಯೋ ದಿನಕ್ಕೂ ವ್ಯತ್ಯಾಸ ಇದೆ, ಬುಕ್ ಮಾಡೋವಾಗ ಹೆಚ್ಚು ಜನ ಕೇಳೋದೇ ಇಲ್ಲ. ಲಾಕ್‌ನ ಒಂದು ತೊಟ್ಟಿಯಲ್ಲಿ ಸಣ್ಣ ಬೋಟಿನ ಜೊತೆ ದೊಡ್ಡ ಹಡಗನ್ನೂ ಸೇರಿಸೋದು ಇದೆ. ಹತ್ತೋವಾಗ ಸಾಮಾನ್ಯವಾಗಿ ದೊಡ್ಡ ಹಡಗು ಮುಂದೆ, ಸಣ್ಣ ಬೋಟು ಹಿಂದೆ, ಹಡಗು ಹೊರಡೋವಾಗ ಅದರ ಪ್ರೊಪೆಲ್ಲರ್ ನೀರು ಕಡೆಯೋದ್ರಿಂದ ಬೋಟು ಸ್ವಲ್ಪ ಅಲ್ಲಾಡತ್ತೆ. ಇಳಿಯೋವಾಗ ಸಣ್ಣದು ಮುಂದೆ ದೊಡ್ಡದು ಹಿಂದೆ, ಅಂದ್ರೆ ನಿಮ್ಮ ಬೆನ್ನ ಹಿಂದೆ ಒಂದು ಸರಕು ಹಡಗಿನ ಮೂತಿ ಬಹುಮಹಡಿ ಕಟ್ಟಡದಷ್ಟು ಎತ್ತರಕ್ಕೆ ನಿಂತಿರತ್ತೆ, ಫೋಟೋಗೆ ಅದು ಅದ್ಭುತ. ಆದ್ರೂ ಮೊದಲ ಸಲ ನೋಡೋರಿಗೆ ಹತ್ತೋ ದಿಕ್ಕೇ ಚೆನ್ನ ಅಂತ ನಂಗನ್ಸತ್ತೆ, ಕತ್ತಲೆಯಿಂದ ಬೆಳಕಿಗೆ ಏರೋ ಅನುಭವ ಇಳಿಯೋದ್ರಲ್ಲಿ ಇಲ್ಲ.

ಕುಲೆಬ್ರಾ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಅಟ್ಲಾಂಟಿಕ್ ಕಡೆಯಿಂದ ಸರೋವರದ ತನಕ ಬಂದು ತಿರುಗಿ ಹೋಗೋ ಕ್ರೂಸ್‌ನಲ್ಲಿ ಇದು ಕಾಣೋದೇ ಇಲ್ಲ. ಎರಡು ಸಮುದ್ರಕ್ಕೆ ನೀರು ಹಂಚೋ ಬೆಟ್ಟಸಾಲನ್ನ ಸುಮಾರು 13 ಕಿಲೋಮೀಟರ್ ಉದ್ದಕ್ಕೆ ಸೀಳಿರೋ ಜಾಗ ಅದು. 1881ರಲ್ಲಿ ಫ್ರೆಂಚರು ಶುರು ಮಾಡಿದ್ರು, ಸೂಯೆಜ್ ಮಾಡಿಸಿದ್ದ ಫರ್ಡಿನಾಂಡ್ ದ ಲೆಸೆಪ್ಸ್ ಅವರೇ ಮುಂದೆ ನಿಂತು, ಇಲ್ಲೂ ಸಮುದ್ರಮಟ್ಟದಲ್ಲೇ ಅಗೀತೀವಿ ಅಂತ ಹಟ ಹಿಡಿದು. ಮಳೆಗೆ ಗುಡ್ಡ ಕುಸೀತು, ಮಲೇರಿಯಾ ಮತ್ತೆ ಹಳದಿ ಜ್ವರಕ್ಕೆ ಸಾವಿರಾರು ಜನ ಸತ್ರು, 1889ಕ್ಕೆ ಕಂಪನಿ ಮುಳುಗ್ತು. ಆ ಕಾಲದ ಸಾವು ಇಪ್ಪತ್ತು ಸಾವಿರ ದಾಟಿರಬಹುದು ಅಂತ ಅಂದಾಜು. 1904ರಿಂದ ಅಮೆರಿಕದವ್ರು ಮಾಡಿದಾಗ್ಲೂ ದಾಖಲೆ ಪ್ರಕಾರನೇ 5,609 ಜನ ತೀರ್ಕೊಂಡ್ರು. ಸತ್ತವರಲ್ಲಿ ಹೆಚ್ಚಿನವ್ರು ಬಾರ್ಬಡೋಸ್, ಜಮೈಕಾ ಕಡೆಯಿಂದ ಕೂಲಿಗೆ ಬಂದ ಕಪ್ಪು ಜನ, ಬಿಳಿಯರ ಹೆಸರು ಚಿನ್ನದಲ್ಲಿ ಸಂಬಳ ಕೊಡೋ ಪಟ್ಟಿಯಲ್ಲಿ, ಇವರದ್ದು ಬೆಳ್ಳಿಯಲ್ಲಿ ಕೊಡೋ ಪಟ್ಟಿಯಲ್ಲಿ, ಮನೆ ಊಟ ಎಲ್ಲಾ ಬೇರೆ ಬೇರೆ. ಬೋಟಿನ ಮೈಕಲ್ಲಿ ಇದನ್ನ ಒಂದು ಸಾಲಲ್ಲಿ ಮುಗಿಸಿಬಿಡಬಹುದು, ಅದಕ್ಕೆ ಮಕ್ಕಳಿಗೆ ನೀವೇ ಹೇಳಿ, ಆ ಹಸಿರು ಮೆಟ್ಟಿಲು ಮೆಟ್ಟಿಲಾದ ಗುಡ್ಡ ಎರಡೂ ಕಡೆ ಹಾದು ಹೋಗ್ತಿರೋವಾಗ ಹೇಳಿದ್ರೆ ಮನಸಲ್ಲಿ ಉಳಿಯತ್ತೆ. ಆಸಕ್ತಿ ಇದ್ರೆ ಪನಾಮಾ ಸಿಟಿಯ ಹಳೇ ಊರು ಕಾಸ್ಕೋ ವಿಯೇಹೋದಲ್ಲಿ ಕಾಲುವೆ ಮ್ಯೂಸಿಯಂ ಇದೆ, ಈ ಕೂಲಿಕಾರರ ನೆನಪಿಗೇ ಆಫ್ರೋ ಆಂಟಿಲಿಯನ್ ಮ್ಯೂಸಿಯಂ ಅಂತ ಬೇರೆ ಒಂದಿದೆ, ಬೋಟ್ ಟ್ರಿಪ್ ಹಿಂದಿನ ದಿನ ಹೋಗಿ ಬನ್ನಿ.

ಪೂರ್ತಿ ದಾಟೋ ಬೋಟ್ ಯಾರಿಗೆ ಅಂದ್ರೆ, ಹೈಸ್ಕೂಲ್ ವಯಸ್ಸಿನ ಮಕ್ಕಳು, ಇಂಜಿನಿಯರಿಂಗ್ ಹುಚ್ಚು ಇರೋರು, ಹಡಗು ಎಣಿಸ್ತಾ ಇಡೀ ದಿನ ಕೂರೋಕೆ ಬೇಜಾರಿಲ್ಲದವ್ರು. ಸುಮಾರು 80 ಕಿಲೋಮೀಟರ್, ಬೆಳಿಗ್ಗೆ ಹತ್ತಿದ್ರೆ ಸಂಜೆ ಆಗತ್ತೆ, ಆಮೇಲೆ ಅಟ್ಲಾಂಟಿಕ್ ಕಡೆಯಿಂದ ಬಸ್ಸಲ್ಲಿ ವಾಪಸ್. ಈ ಟ್ರಿಪ್ ದಿನಾ ಇರಲ್ಲ, ಪಾರ್ಶಿಯಲ್‌ಗಿಂತ ಬಹಳ ಅಪರೂಪ, ಆದ್ರಿಂದ ಇದೇ ಬೇಕು ಅಂದ್ರೆ ಮೊದ್ಲು ಬೋಟಿನ ತಾರೀಖು ನೋಡಿ ಆಮೇಲೆ ಫ್ಲೈಟ್ ಬುಕ್ ಮಾಡಿ. ಹೆಚ್ಚಿಗೆ ಸಿಗೋದು ಎರಡು, ಗಾಟೂನ್ ಸರೋವರ ಮತ್ತೆ ಗಾಟೂನ್‌ನ ಮೂರು ಮೆಟ್ಟಿಲಿನ ಲಾಕ್. ಸರೋವರ ಚೆನ್ನಾಗಿದೆ, ಕಾಡು ಮುಳುಗಿದಾಗ ಬೆಟ್ಟದ ತುದಿಗಳೇ ದ್ವೀಪ ಆಗಿ ಉಳಿದಿವೆ, ಅದರಲ್ಲಿ ಬಾರೋ ಕೊಲರಾಡೋ ದ್ವೀಪದಲ್ಲಿ ಸ್ಮಿತ್‌ಸೋನಿಯನ್‌ನವರ ಸಂಶೋಧನಾ ಕೇಂದ್ರ ಇದೆ. ಆದ್ರೆ ಸರೋವರ ದಾಟೋಕೇ ಗಂಟೆಗಟ್ಟಲೆ ಹಿಡಿಯತ್ತೆ, ಆರು ಏಳು ವರ್ಷದ ಮಗು ಆ ಹೊತ್ತಿಗೆ ಸುಸ್ತಾಗಿ ಅಳೋಕೆ ಶುರು ಮಾಡತ್ತೆ, ಮಂಡಿನೋವು ಇರೋ ಅಜ್ಜಿಗೆ ಬೋಟಿನ ಕಿರಿದಾದ ಮೆಟ್ಟಿಲು ಹತ್ತಿ ಇಳಿದು ಸಾಕಾಗಿರತ್ತೆ. ಅಂಥ ಮನೆಗೆ ನಾನು ಇದನ್ನ ಹೇಳಲ್ಲ.

ಕ್ರೂಸ್ ವಿಷ್ಯ ಬೇರೆ. ಅಮೆರಿಕದಲ್ಲಿರೋ ನಮ್ಮ ಕನ್ನಡದವ್ರು ಎಷ್ಟೋ ಜನ ಊರಿಂದ ಬಂದ ಅಪ್ಪ ಅಮ್ಮನ್ನ ಫ್ಲೋರಿಡಾದಿಂದ ಕ್ರೂಸ್‌ಗೆ ಕರ್ಕೊಂಡು ಹೋಗ್ತಾರೆ, ಅದಕ್ಕೆ ಕಾರಣನೂ ಸರಿಯಾಗೇ ಇದೆ, ಸ್ವಂತ ರೂಮು, ಎಸಿ, ಲಿಫ್ಟು, ಡಾಕ್ಟ್ರು, ಮಧ್ಯಾಹ್ನ ಒಂದು ಗಂಟೆ ಮಲಗೋ ಅವಕಾಶ. ಆದ್ರೆ ಬ್ರೋಶರ್‌ನಲ್ಲಿ ಪನಾಮಾ ಅಂತ ಇದ್ದ ತಕ್ಷಣ ಬುಕ್ ಮಾಡ್ಬೇಡಿ, ಅದರಲ್ಲಿ ಮೂರು ಥರ ಇದೆ. ಒಂದು, ಫ್ಲೋರಿಡಾದಿಂದ ಕ್ಯಾಲಿಫೋರ್ನಿಯಾ ಕಡೆಗೋ ಅಲ್ಲಿಂದ ಇಲ್ಲಿಗೋ ಹೋಗೋ ಪೂರ್ತಿ ಟ್ರಾನ್ಸಿಟ್, ಎರಡು ವಾರ ಅಥವಾ ಇನ್ನೂ ಜಾಸ್ತಿ. ಇನ್ನೊಂದು, ಅಟ್ಲಾಂಟಿಕ್ ಕಡೆಯಿಂದ ಲಾಕ್ ಹತ್ತಿ ಗಾಟೂನ್ ಸರೋವರಕ್ಕೆ ಬಂದು ಅಲ್ಲೇ ತಿರುಗಿ ಅದೇ ದಾರಿಯಲ್ಲಿ ಇಳಿದು ಹೋಗೋದು, ಇದಕ್ಕೆ ರಜೆ ಕಮ್ಮಿ ಸಾಕು. ಮೂರನೇದು ಕಾಲುವೆ ಒಳಗೆ ಬರೋದೇ ಇಲ್ಲ, ಕೊಲೋನ್ ಬಂದರಲ್ಲಿ ನಿಂತು ಹೋಗತ್ತೆ ಅಷ್ಟೇ, ಕಾಲುವೆ ನೋಡ್ಬೇಕಂದ್ರೆ ಬೇರೆ ದುಡ್ಡು ಕೊಟ್ಟು ಎಕ್ಸ್‌ಕರ್ಷನ್ ತಗೋಬೇಕು. ಇಟಿನರರಿಯಲ್ಲಿ ಟ್ರಾನ್ಸಿಟ್ ಅಂತ ಇದ್ಯಾ, ಸರೋವರದ ತನಕ ಅಂತ ಇದ್ಯಾ, ಬರೀ ಬಂದರಿನ ಹೆಸರಿದ್ಯಾ ಅಂತ ಸರಿಯಾಗಿ ಓದಿ.

ಆಮೇಲೆ ಹಡಗಿನ ಅಗಲ ನೋಡಿ, ಇದು ನನ್ನ ಕಡೆಯಿಂದ ಒತ್ತಿ ಹೇಳೋ ಮಾತು. 32.3 ಮೀಟರ್ ತನಕ ಅಗಲ ಇರೋ ಹಡಗು ಸಾಮಾನ್ಯವಾಗಿ 1914ರ ಹಳೇ ಲಾಕ್‌ನಲ್ಲೇ ಹೋಗತ್ತೆ, ತೊಟ್ಟಿ 33.5 ಮೀಟರ್, ಅಂದ್ರೆ ಪಕ್ಕಕ್ಕೆ ಅರವತ್ತು ಸೆಂಟಿಮೀಟರ್ ಜಾಗ ಅಷ್ಟೇ. ಕೆಳಗಿನ ಡೆಕ್ ಬಾಲ್ಕನೀಲಿ ನಿಂತ್ರೆ ಕಾಂಕ್ರೀಟ್ ಗೋಡೆ ಕೈಗೇ ಸಿಗೋ ಹಾಗೆ ಕಾಣತ್ತೆ, ಹಳಿ ಮೇಲೆ ಓಡೋ ಮ್ಯೂಲ್ ಅನ್ನೋ ಎಲೆಕ್ಟ್ರಿಕ್ ಇಂಜಿನ್‌ಗಳು ಎರಡೂ ಕಡೆಯಿಂದ ಹಗ್ಗ ಬಿಗಿದು ಹಡಗನ್ನ ನಡುವಲ್ಲಿ ಹಿಡಿದಿರತ್ವೆ. ಅದಕ್ಕಿಂತ ದೊಡ್ಡ ಹಡಗಾದ್ರೆ 2016ರಲ್ಲಿ ಶುರುವಾದ ಹೊಸ ಲಾಕ್, 427 ಮೀಟರ್ ಉದ್ದ 55 ಮೀಟರ್ ಅಗಲ, ಬಾಗಿಲು ಪಕ್ಕಕ್ಕೆ ಸರಿಯತ್ತೆ, ಮ್ಯೂಲ್ ಇಲ್ಲ, ಟಗ್ ಬೋಟ್‌ಗಳೇ ಹಡಗು ಹಿಡೀತವೆ, ಪಕ್ಕದಲ್ಲಿ ನೀರು ಉಳಿಸೋ ತೊಟ್ಟಿಗಳಿದ್ದು ಪ್ರತಿ ಸಲ ನೂರಕ್ಕೆ 60 ಭಾಗ ನೀರು ಮತ್ತೆ ಬಳಕೆಗೆ ಬರತ್ತೆ. ಇಂಜಿನಿಯರಿಂಗ್ ದೃಷ್ಟಿಯಿಂದ ಹೊಸದೂ ದೊಡ್ಡ ಕೆಲ್ಸನೇ, ಆದ್ರೆ ನೋಡೋರಿಗೆ ಹಳೇ ಲಾಕ್‌ನಲ್ಲಿರೋ ಆ ಇಕ್ಕಟ್ಟು, ಆ ಹತ್ತಿರ ಇಲ್ಲಿ ಸಿಗಲ್ಲ. ಸಣ್ಣ ಹಳೇ ಹಡಗಲ್ಲಿ ಈಜುಕೊಳ ಒಂದು ಕಮ್ಮಿ ಇದ್ರೂ ಪರ್ವಾಗಿಲ್ಲ, ಕಾಲುವೆಗೋಸ್ಕರ ಹೋಗೋದಾದ್ರೆ ಅದನ್ನೇ ಆರಿಸ್ಕೊಳ್ಳಿ. ಟ್ರಾನ್ಸಿಟ್ ದಿನ ಬೆಳಿಗ್ಗೆ ಮುಂಭಾಗದ ಡೆಕ್ ಜನರಿಂದ ತುಂಬಿಹೋಗತ್ತೆ, ಮೊದಲ ಲಾಕ್‌ಗೆ ಅಲ್ಲಿ ನೂಕುನುಗ್ಗಲು ಮಾಡೋ ಬದ್ಲು ಕೆಳಗಿನ ಡೆಕ್ ಪಕ್ಕದಲ್ಲೋ ಹಿಂಭಾಗದಲ್ಲೋ ನಿಲ್ಲಿ, ಹಿಂದೆ ಬಾಗಿಲು ಮುಚ್ಚೋದು ಅಲ್ಲಿಂದ್ಲೇ ಚೆನ್ನಾಗಿ ಕಾಣೋದು.

ನೆಲದ ಮೇಲಿಂದ ನೋಡೋದು ಅಂದ್ರೆ ಮಿರಾಫ್ಲೋರೆಸ್ ವಿಸಿಟರ್ ಸೆಂಟರ್, ಪನಾಮಾ ಸಿಟಿಗೆ ಹತ್ರ, ಟ್ಯಾಕ್ಸೀಲಿ ಹೋಗ್ಬಹುದು. ಬೆಳಿಗ್ಗೆ ಬೇಗ ಇಲ್ಲಾ ಮಧ್ಯಾಹ್ನ ಎರಡು ಮೂರರ ಮೇಲೆ ಹೋಗಿ, ನಡುಹಗಲಲ್ಲಿ ಹೋದ್ರೆ ಎಷ್ಟೋ ಸಲ ಹಡಗೇ ಇರಲ್ಲ, ಪೆಸಿಫಿಕ್‌ನಿಂದ ಬಂದಿದ್ದು ದಾಟಿಹೋಗಿರತ್ತೆ, ಆ ಕಡೆಯದು ಇನ್ನೂ ಸರೋವರದಲ್ಲಿರತ್ತೆ. ಕೈಕೂಸು ಇರೋರಿಗೆ, ವ್ಹೀಲ್‌ಚೇರ್ ಬೇಕಾದೋರಿಗೆ ಇದು ಸಾಕು. ಅಟ್ಲಾಂಟಿಕ್ ಕಡೆ ಅಗ್ವಾ ಕ್ಲಾರಾ ಸೆಂಟರ್‌ನಿಂದ ಹೊಸ ಲಾಕ್ ಕಾಣತ್ತೆ, ಕಂಟೇನರ್ ಹಡಗಿನ ನಿಜವಾದ ಗಾತ್ರ ಗೊತ್ತಾಗೋದು ಅಲ್ಲೇ.

ಗಾಂಬೋವಾದಿಂದ ಹೊರಡೋ ಮೋಟಾರ್ ಬೋಟ್ ಸವಾರಿಗೆ ಲಾಕ್ ಇಲ್ಲ, ಆದ್ರೆ ನಾಲ್ಕೈದು ವರ್ಷದ ಮಕ್ಕಳನ್ನ ಕೇಳಿದ್ರೆ ಅವರ ಓಟು ಇದಕ್ಕೇ. ಸರೋವರದ ಕಾಡಂಚಿಗೆ ಬೋಟ್ ತಾಗಿಸಿದ್ರೆ ಕಪುಚಿನ್ ಕೋತಿ ಕೊಂಬೆ ತುದಿಗೆ ಬಂದು ನೋಡತ್ತೆ, ಹೌಲರ್ ಕೋತಿ ಕೂಗು ಕಾಡೊಳಗಿಂದ ಕೇಳತ್ತೆ, ಅದೃಷ್ಟ ಇದ್ರೆ ಮರದಲ್ಲಿ ನೇತಾಡೋ ಸ್ಲಾತ್ ಅನ್ನೋ ಪ್ರಾಣಿ, ದೊಡ್ಡ ಕೊಕ್ಕಿನ ಟೂಕನ್ ಹಕ್ಕಿ ಎಲ್ಲಾ ಸಿಗತ್ವೆ, ದಾರೀಲಿ ಭಾರೀ ಹಡಗುಗಳ ಪಕ್ಕದಲ್ಲೇ ಹೋಗ್ತೀರಿ. ನೀರಲ್ಲಿ ಮೊಸಳೆ ಇದೆ, ಕೈ ಹೊರಗೆ ಹಾಕೋಕೆ ಬಿಡ್ಬೇಡಿ, ಕೋತಿಗೆ ತಿಂಡಿ ಕೊಡೋಕೂ ಬಿಡ್ಬೇಡಿ. ಮಗುವಿನ ಸೈಜಿನ ಲೈಫ್ ಜಾಕೆಟ್ ಇದ್ಯಾ ಅಂತ ಬುಕ್ ಮಾಡೋ ಮುಂಚೆ ಕೇಳಿ, ಇಲ್ಲ ಅಂದ್ರೆ ಆ ಬೋಟ್ ಬೇಡ.

ಕಾಲ ಅಂದ್ರೆ ಡಿಸೆಂಬರ್ ನಡುವಿಂದ ಏಪ್ರಿಲ್ ತನಕ ಒಣಗಾಲ, ಟ್ರಿಪ್‌ಗಳೂ ಆಗ ಜಾಸ್ತಿ, ಜನವೂ ಜಾಸ್ತಿ. ಮೇ ತಿಂಗಳಿಂದ ಮಳೆ, ಹೆಚ್ಚಾಗಿ ಮಧ್ಯಾಹ್ನ ಸುರಿಯತ್ತೆ, ಕಾಡು ಹಸಿರಾಗಿರತ್ತೆ. ಮಳೆ ಬಂತು ಅಂತ ಬೈಕೋಬೇಡಿ, ಆ ಕಾಲುವೆ ಓಡೋದೇ ಮಳೆಯಿಂದ, ಹಳೇ ಲಾಕ್‌ಗಳಲ್ಲಿ ಒಂದು ಹಡಗು ದಾಟೋಕೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರ ಸೇರತ್ತೆ, ಪನಾಮಾ ಸಿಟಿ ಜನಕ್ಕೆ ಕುಡಿಯೋ ನೀರಿಗೂ ಆಸರೆ ಇದೇ ಚಾಗ್ರೆಸ್. 2023ರಲ್ಲಿ ಮಳೆ ಕೈಕೊಟ್ಟು ದಿನಕ್ಕೆ ಬಿಡೋ ಹಡಗುಗಳನ್ನೇ ಕಮ್ಮಿ ಮಾಡ್ಬೇಕಾಯ್ತು. ಕಾವೇರಿ ನೀರಿಗೆ ಕಾಯೋ ಊರಿಂದ ಹೋದ ನಮಗೆ ಈ ಲೆಕ್ಕ ಬೇಗ ಮನಸ್ಸಿಗೆ ನಾಟತ್ತೆ.

ಪೇಪರ್ ವಿಷ್ಯ ಹಗುರವಾಗಿ ತಗೋಬೇಡಿ. ಅಮೆರಿಕದಲ್ಲಿ ಎಚ್‌ಒನ್‌ಬಿ ಅನ್ನೋ ಕೆಲ್ಸದ ವೀಸಾ ಮೇಲಿದ್ದು ಪಾಸ್‌ಪೋರ್ಟಲ್ಲಿರೋ ವೀಸಾ ಸ್ಟಾಂಪಿನ ಅವಧಿ ಮುಗಿದಿದ್ರೆ ಪನಾಮಾಗೆ ಹೋಗಿ ಹಾಗೇ ವಾಪಸ್ ಬರೋಕಾಗಲ್ಲ, ಕೆನಡಾ ಮೆಕ್ಸಿಕೋಗಿರೋ ಸಡಿಲಿಕೆ ಇಲ್ಲಿಗಿಲ್ಲ, ಕ್ರೂಸ್ ಆದ್ರೂ ಅಷ್ಟೇ. ಅಪ್ಪ ಅಮ್ಮನ ವಿಸಿಟರ್ ವೀಸಾ ಮಲ್ಟಿಪಲ್ ಎಂಟ್ರಿ ಇದ್ಯಾ ನೋಡಿ. ಭಾರತದ ಪಾಸ್‌ಪೋರ್ಟ್ ಇರೋರಿಗೆ ಪನಾಮಾ ಒಳಗೆ ಹೋಗೋಕೆ ಏನು ಬೇಕು ಅಂತ ಅವರ ಕಾನ್ಸುಲೇಟ್‌ನಲ್ಲಿ ವಿಚಾರಿಸಿ, ನಿಯಮ ಆಗಾಗ ಬದಲಾಗ್ತಿರತ್ತೆ. ಅಲ್ಲಿಂದ ನೇರ ಭಾರತಕ್ಕೆ ವಾಪಸಾಗೋರು ಹಳದಿ ಜ್ವರದ ಲಸಿಕೆ ಬಗ್ಗೆನೂ ಕೇಳ್ಕೊಳ್ಳಿ, ಪ್ರಯಾಣಕ್ಕೆ ಹತ್ತು ದಿನ ಮುಂಚೆಯಾದ್ರೂ ಹಾಕಿಸ್ಕೊಂಡಿರ್ಬೇಕು, ವಯಸ್ಸಾದವ್ರಾದ್ರೆ ಡಾಕ್ಟ್ರನ್ನ ಕೇಳದೆ ಹಾಕಿಸ್ಬೇಡಿ.

ಊಟಕ್ಕೆ, ಬೋಟಲ್ಲಿ ವೆಜಿಟೇರಿಯನ್ ಅಂತ ಮುಂಚೇನೇ ಹೇಳಿಡಿ, ಅನ್ನ ಹುರುಳಿ ಜಾತಿ ಕಾಳು ಕೊಟ್ರೂ ಅದರಲ್ಲಿ ಮಾಂಸ ಬೆಂದಿದ್ಯಾ ಅಂತ ಕೇಳೋದು ಒಳ್ಳೇದು, ಹಸಿ ಬಾಳೆಕಾಯಿ ತಟ್ಟಿ ಎರಡು ಸಲ ಕರಿಯೋ ಪತಕೋನೆಸ್ ಮಕ್ಕಳಿಗೆ ತುಂಬಾ ಹಿಡಿಸತ್ತೆ. ನಾವು ಚಪಾತಿ ಚಟ್ನಿಪುಡಿ ಕಟ್ಕೊಂಡೇ ಹೋಗಿದ್ವಿ, ಅಮ್ಮಂಗೆ ಅದೇ ಸಮಾಧಾನ. ಟೋಪಿ, ನೀರಿನ ಬಾಟ್ಲು, ತೆಳು ಹತ್ತಿ ಬಟ್ಟೆ, ಸನ್‌ಸ್ಕ್ರೀನ್ ಇರ್ಲಿ, ಸೆಖೆ ಮಂಗಳೂರಿನದ್ದಕ್ಕೆ ಏನೂ ಕಮ್ಮಿ ಇಲ್ಲ. ಮಕ್ಕಳ ಕೈಗೆ ಒಂದು ದಿಕ್ಸೂಚಿ ಕೊಡಿ, ಎರಡು ಸಮುದ್ರದ ನಡುವಿನ ನೆಲದ ಪಟ್ಟಿ ಅಲ್ಲಿ ಡೊಂಕಾಗಿರೋದ್ರಿಂದ ಪೆಸಿಫಿಕ್ ತುದಿ ಅಟ್ಲಾಂಟಿಕ್ ತುದಿಗಿಂತ ಪೂರ್ವಕ್ಕಿದೆ, ಅವರೇ ಕಂಡುಹಿಡೀಲಿ. 1928ರಲ್ಲಿ ರಿಚರ್ಡ್ ಹ್ಯಾಲಿಬರ್ಟನ್ ಅನ್ನೋರು ಈ ಕಾಲುವೇನ ಈಜಿ ದಾಟಿ, ಅವರ ತೂಕಕ್ಕೆ ಲೆಕ್ಕ ಹಾಕಿ 36 ಸೆಂಟ್ ಸುಂಕ ಕಟ್ಟಿದ್ದ ಕಥೆ ಲಾಕ್ ತೆರೆಯೋಕೆ ಕಾಯೋವಾಗ ಹೇಳೋಕೆ ಚೆನ್ನಾಗಿರತ್ತೆ.

ಕಾಯೋದಂತೂ ಇದ್ದೇ ಇರತ್ತೆ. ಯಾವ ಹಡಗು ಯಾವಾಗ ಅಂತ ನಿರ್ಧಾರ ಮಾಡೋದು ಕಾಲುವೆ ಪ್ರಾಧಿಕಾರ, ಪ್ರವಾಸಿ ಬೋಟಿಗೆ ಅಂತ ಯಾರೂ ಆತುರ ಮಾಡಲ್ಲ, ನಿಮ್ಮ ಬೋಟಿಗೂ ದಾರಿ ತೋರಿಸೋಕೆ ಅವರ ಪೈಲಟ್ ಹತ್ತಬೇಕು. ಅದಕ್ಕೇ ಆ ದಿನ ಸಂಜೆಗೆ ಫ್ಲೈಟ್ ಇಟ್ಕೋಬೇಡಿ. ಹಿಂದಿನ ದಿನ ಮಧ್ಯಾಹ್ನ ಬೋಟಿನವ್ರಿಗೆ ಫೋನ್ ಮಾಡಿ ಮೂರು ವಿಷ್ಯ ಕೇಳಿ, ಎಷ್ಟೊತ್ತಿಗೆ ಎಲ್ಲಿಗೆ ಬರ್ಬೇಕು, ನಾಳೆ ಹತ್ತೋ ದಿಕ್ಕಾ ಇಳಿಯೋ ದಿಕ್ಕಾ, ನೆರಳಿರೋ ಸೀಟು ಎಷ್ಟಿದೆ. ಇಳಿಯೋ ದಿಕ್ಕು ಅಂದ್ರೆ, ಇನ್ನೂ ಒಂದು ದಿನ ಕೈಲಿದ್ರೆ, ತಾರೀಖು ಬದಲಾಯಿಸೋಕೆ ಆಗತ್ತಾ ಅಂತ ಕೇಳೋದ್ರಲ್ಲಿ ತಪ್ಪಿಲ್ಲ. ಬೆಳಿಗ್ಗೆ ಸ್ವಲ್ಪ ಮುಂಚೆನೇ ಹೋಗಿ ದೊಡ್ಡೋರನ್ನ ನೆರಳಿನ ಸೀಟಲ್ಲಿ ಕೂರಿಸಿ, ಮಕ್ಕಳನ್ನ ಮೇಲಿನ ಡೆಕ್‌ಗೆ ಬಿಡ್ಬೇಡಿ, ಕೆಳಗೆ ಕಟಕಟೆ ಹತ್ರ ನಿಲ್ಲಿಸಿ, ಗೋಡೆ ಪಕ್ಕದಲ್ಲೇ ಕಾಣೋದು ಅಲ್ಲಿಂದ.